ಓದುಗರ ಪ್ರಶ್ನೆ: ಮರಳುಗಾಡಿಗೆ ಅಭಯಾರಣ್ಯ ಏಕೆ?

ಪ್ರಶ್ನೆ: ಅರಬ್ ದೇಶಗಳಲ್ಲಿ ಸಾವಿರಾರು ಚದರ ಕಿಲೋಮೀಟರಿನ ಅಭಯಾರಣ್ಯಗಳಿವೆ ಎಂದು ಓದುತ್ತೇವೆ. ಕಾಡೇ ಇಲ್ಲದ ಮರಳುಗಾಡಿನಲ್ಲಿ ಕಾಪಾಡುವುದಕ್ಕೆ ಏನಿದೆ? ಇದ್ದರೂ ಸುತ್ತ ಬೇಲಿ ಹಾಕಿ ಕಾವಲಿಟ್ಟರೆ ಸಾಲದೆ? ಕೊಲ್ಲಿ ದೇಶಗಳಲ್ಲಿ ಕೆಲಸಕ್ಕಿರುವ ನಮ್ಮಂಥವರು ಇವನ್ನು ನೋಡಲು ಸಾಧ್ಯವೆ?

ಉತ್ತರ: ಮೊದಲನೆಯ ಭಾಗಕ್ಕೆ ಉತ್ತರ ಸುಲಭ. ಅಟ್ಲಾಂಟಿಕ್ ತೀರದ ಮಾರಿಟೇನಿಯದಿಂದ ಅರಬ್ಬೀ ಸಮುದ್ರದ ತೀರದ ಒಮಾನ್‌ವರೆಗೆ ಹಬ್ಬಿರುವ ನೆಲವನ್ನೆಲ್ಲ ಒಂದೇ ಮರಳಿನ ಹಾಸೆಂದು ತಿಳಿಯುವುದು ವಿಮಾನದ ಕಿಟಕಿಯಿಂದ ಮಾತ್ರ ಅದನ್ನು ಕಂಡವರ ಅಭಿಪ್ರಾಯ. ಈಜಿಪ್ಟ್ 1983ರಲ್ಲಿ ತನ್ನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ರಾಸ್ ಮೊಹಮ್ಮದ್ ಕೆಂಪು ಸಮುದ್ರದ ಹವಳದ ದಿಬ್ಬಗಳಿಗಾಗಿ ಹೆಸರಾಗಿದೆ. ಯೆಮನ್‌ಗೆ ಸೇರಿದ ಸೊಕೊಟ್ರಾ ದ್ವೀಪಸಮೂಹದ 825 ಸಸ್ಯಜಾತಿಗಳಲ್ಲಿ ಶೇ. 37ರಷ್ಟು ಭೂಮಿಯ ಬೇರೆಲ್ಲಿಯೂ ಬೆಳೆಯುವುದಿಲ್ಲ. ತೊಗಟೆಯನ್ನು ಕೆತ್ತಿದರೆ ಕಡುಗೆಂಪು ರಾಳ ಒಸರುವ ಡ್ರ್ಯಾಗನ್ ಬ್ಲಡ್ ಮರ ಅವುಗಳಲ್ಲೊಂದು. ದಕ್ಷಿಣ ಇರಾಕಿನಲ್ಲಿ ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳ ನೀರು ಹರಡಿ ಆದ ಜೊಂಡಿನ ಜೌಗು, 1990ರ ದಶಕದಲ್ಲಿ ಸರ್ಕಾರವೇ ಬತ್ತಿಸಿದ ಮೇಲೂ, 2003ರ ನಂತರ ಒಂದಷ್ಟು ಮರಳಿ ತುಂಬಿಕೊಂಡು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಡೀ ಜಗತ್ತಿನ ಕಾಡುಗಳಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆ ಎನ್ನಲಾಗುವ ಅರೇಬಿಯದ ಚಿರತೆಗೆ ಒಮಾನ್‌ನ ಜಬಲ್ ಸಮ್ಹಾನ್ ಬೆಟ್ಟಗಳು ಕೊನೆಯ ಆಸರೆಗಳಲ್ಲೊಂದು. ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಬಹುದು. ಆದರೆ ನಿಜವಾಗಿ ಚರ್ಚಿಸಬೇಕಾದದ್ದು ಪ್ರಶ್ನೆಯ ಎರಡನೆಯ ಭಾಗವನ್ನು.

ಬೇಲಿ ಹಾಕಿದರೆ ಸಾಲದೆ ಎಂಬುದಕ್ಕೆ ಓರಿಕ್ಸ್ ಎಂಬ ಬಿಳಿಯ ಹುಲ್ಲೆಯ ಕಥೆಗಿಂತ ಒಳ್ಳೆಯ ಉತ್ತರವಿಲ್ಲ. ದೋಹಾ ಮಾರ್ಗವಾಗಿ ಪ್ರಯಾಣಿಸಿದವರು ಕತಾರ್ ಏರ್‌ವೇಸ್ ವಿಮಾನಗಳ ಬಾಲದ ಮೇಲೆ ಕಂಡಿರುವ ಕೊಂಬಿನ ಮುಖ ಈ ಪ್ರಾಣಿಯದೇ. ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿ ಮೈ, ಮರಳಿನಲ್ಲಿ ಹೂಳದ ಅಗಲವಾದ ಗೊರಸು, ನೀರು ಕುಡಿಯದೆ ಎಲೆ ಮತ್ತು ಗೆಡ್ಡೆಗಳ ತೇವದಲ್ಲೇ ಬಹುಕಾಲ ಬದುಕಬಲ್ಲ ದೇಹ ಇದಕ್ಕಿದೆ. ಇದರ ಜೀವನವೆಲ್ಲ ನಿಂತಿರುವುದು ಚಲನೆಯ ಮೇಲೆ. ಮರುಭೂಮಿಯಲ್ಲಿ ಮಳೆ ಎಲ್ಲೆಡೆ ಬೀಳುವುದಿಲ್ಲ. ಈ ವರ್ಷ ಒಂದು ಕಣಿವೆಯಲ್ಲಿ ಬಿದ್ದರೆ ಮುಂದಿನ ಮಳೆ ನೂರು ಕಿಲೋಮೀಟರ್ ಆಚೆ, ಅದೂ ಎರಡು ಮೂರು ವರ್ಷಗಳ ನಂತರ ಬೀಳಬಹುದು. ಆದುದರಿಂದ ಮಳೆ ಬಿದ್ದ ಕಡೆಗೆ ನಡೆದುಹೋಗುವುದೇ ಓರಿಕ್ಸ್ ಕಲಿತ ಉಪಾಯ.

ಬಂದೂಕು ಮತ್ತು ಮೋಟಾರು ವಾಹನ ಒಟ್ಟಿಗೆ ಮರುಭೂಮಿಗೆ ಬಂದಾಗ ಈ ಉಪಾಯ ನಿಷ್ಫಲವಾಯಿತು. ಬಯಲಿನಲ್ಲಿ ಬಿಳಿ ಪ್ರಾಣಿ ದೂರದಿಂದಲೇ ಕಾಣುತ್ತದೆ, ಜೀಪಿನಿಂದ ಅದು ತಪ್ಪಿಸಿಕೊಳ್ಳಲಾರದು. ಅಳಿವು ಸಮೀಪಿಸಿದ್ದನ್ನು ಕಂಡ ಬ್ರಿಟನ್ನಿನ ಫಾನಾ ಪ್ರಿಸರ್ವೇಷನ್ ಸೊಸೈಟಿ 1962ರಲ್ಲಿ ಇಂದಿನ ಪೂರ್ವ ಯೆಮನ್ ಪ್ರದೇಶಕ್ಕೆ ತಂಡ ಕಳುಹಿಸಿ ಕೆಲವು ಓರಿಕ್ಸ್‌ಗಳನ್ನು ಜೀವಂತ ಹಿಡಿಸಿತು. ಅವುಗಳ ಜೊತೆಗೆ ಲಂಡನ್ ಮೃಗಾಲಯದಿಂದಲೂ ಅರಬ್ ಅರಸರ ಸಂಗ್ರಹಗಳಿಂದಲೂ ಬಂದವು ಸೇರಿ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂಬತ್ತು ಪ್ರಾಣಿಗಳ ಒಂದು ಹಿಂಡಾಯಿತು. ಅಷ್ಟಾದರೂ ಮಾಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ 1972ರಲ್ಲಿ ಒಮಾನ್‌ನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಕೊನೆಯ ಕಾಡು ಓರಿಕ್ಸ್‌ಗಳು ಬೇಟೆಗೆ ಬಲಿಯಾದವು.

ಅದೇ ಬಯಲಿಗೆ ಅವು ಮರಳಿದವು. ಒಮಾನ್‌ನ ಅಂದಿನ ದೊರೆ ಸುಲ್ತಾನ್ ಖಾಬೂಸ್ ಅವರ ಆಸಕ್ತಿಯಿಂದ 1980ರಲ್ಲಿ ಮೊದಲ ಪ್ರಾಣಿಗಳು ಅಮೆರಿಕದಿಂದ ಬಂದು, 1982ರಲ್ಲಿ ಯಲೂನಿ ಎಂಬಲ್ಲಿ ಬಯಲಿಗೆ ಬಿಡುಗಡೆಯಾದವು. ಕಾವಲುಗಾರರಾಗಿ ನೇಮಕಗೊಂಡವರು ಆ ಬಯಲಿನ ಒಡನಾಡಿಗಳಾದ ಹರಾಸಿಸ್ ಬುಡಕಟ್ಟಿನವರೇ. ಆ ಭಾಗಕ್ಕೆ ಸಮುದ್ರದಿಂದ ಬರುವ ಮಂಜು ರಾತ್ರಿ ಗಿಡಗಳನ್ನು ತೋಯಿಸುವುದರಿಂದ ಮಳೆಯಿಲ್ಲದ ವರ್ಷಗಳಲ್ಲೂ ಮೇವು ಪೂರ್ತಿ ಒಣಗುವುದಿಲ್ಲ. ಹಿಂಡು ಬೆಳೆಯಿತು; 1994ರಲ್ಲಿ 27,500 ಚದರ ಕಿಲೋಮೀಟರಿನ ಓರಿಕ್ಸ್ ಅಭಯಾರಣ್ಯ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; 1996ರ ವೇಳೆಗೆ ಪ್ರಾಣಿಗಳ ಸಂಖ್ಯೆ ಸುಮಾರು 450ಕ್ಕೆ ಏರಿತು.

ಆ ವರ್ಷವೇ ಕಳ್ಳಬೇಟೆ ಮತ್ತೆ ಶುರುವಾಯಿತು, ಆದರೆ ಈ ಬಾರಿ ಮಾಂಸಕ್ಕಾಗಿ ಅಲ್ಲ. ಖಾಸಗಿ ಪ್ರಾಣಿಸಂಗ್ರಹ ಇಟ್ಟುಕೊಂಡ ಶ್ರೀಮಂತರಿಗೆ ಮಾರುವುದಕ್ಕಾಗಿ, ಮುಖ್ಯವಾಗಿ ಹೆಣ್ಣು ಪ್ರಾಣಿಗಳನ್ನೂ ಮರಿಗಳನ್ನೂ ಅಟ್ಟಿಸಿ ಹಿಡಿದು ಗಡಿಯಾಚೆ ಸಾಗಿಸತೊಡಗಿದರು. ಅಟ್ಟಿಸಿಕೊಂಡು ಓಡಿದ ಆಯಾಸಕ್ಕೇ ಎಷ್ಟೋ ಪ್ರಾಣಿಗಳು ಸತ್ತವು. ಹಿಂಡಿನಲ್ಲಿ ಹೆಣ್ಣುಗಳು ಕಡಿಮೆಯಾದರೆ ಎಣಿಕೆಗೆ ಕಾಣುವ ಸಂಖ್ಯೆಗಿಂತ ಹೆಚ್ಚಿನ ಹಾನಿಯಾಗುತ್ತದೆ. 2007ರ ಹೊತ್ತಿಗೆ ಉಳಿದವು 65, ಅವುಗಳಲ್ಲಿ ಮರಿ ಹಾಕಬಲ್ಲ ಜೋಡಿಗಳು ನಾಲ್ಕೇ. ಅದರ ಮೇಲೆ ಒಮಾನ್ ಸರ್ಕಾರ ತೈಲ ಮತ್ತು ಅನಿಲದ ಶೋಧಕ್ಕೆ ಅನುಕೂಲವಾಗುವಂತೆ ಅಭಯಾರಣ್ಯದ ವಿಸ್ತಾರವನ್ನು ಶೇ. 90ರಷ್ಟು ಕಡಿತಗೊಳಿಸಿತು. ಅದೇ ವರ್ಷ ಸೇರಿದ ವಿಶ್ವ ಪರಂಪರಾ ಸಮಿತಿ ಈ ತಾಣವನ್ನು ಪಟ್ಟಿಯಿಂದ ತೆಗೆದುಹಾಕಿತು. ಆ ಪಟ್ಟಿ ಆರಂಭವಾದಂದಿನಿಂದ ಹಾಗೆ ಹೊರಬಿದ್ದ ಮೊದಲ ತಾಣ ಇದು.

ಇಲ್ಲಿ ತೈಲವನ್ನೊಂದೇ ದೂರುವವರು ವರ್ಷಗಳ ಕ್ರಮವನ್ನು ಗಮನಿಸಬೇಕು. ಗಡಿಯನ್ನು ಕುಗ್ಗಿಸುವ ಮೊದಲೇ ಹಿಂಡು ಬರಿದಾಗಿತ್ತು, ಮತ್ತು ಅದನ್ನು ಬರಿದು ಮಾಡಿದ್ದು ಅಪರೂಪದ ಪ್ರಾಣಿಯನ್ನು ಮನೆಯಂಗಳದಲ್ಲಿ ಇರಿಸಿಕೊಳ್ಳಬೇಕೆಂಬ ಆಸೆಯ ಸುತ್ತ ಬೆಳೆದ ಮಾರುಕಟ್ಟೆ. ಒಂದು ದೇಶದ ಕಾನೂನಿನಿಂದ ಇನ್ನೊಂದು ದೇಶದ ಗಿರಾಕಿಯನ್ನು ತಡೆಯಲಾಗುವುದಿಲ್ಲ. ಇಂದು ಅದೇ ಬಯಲಿನ ಅಲ್ ವುಸ್ತಾ ವನ್ಯಜೀವಿ ಮೀಸಲಿನಲ್ಲಿ ನೂರಾರು ಓರಿಕ್ಸ್‌ಗಳಿವೆ, ಆದರೆ ಬೇಲಿಯ ಒಳಗೆ.

ಹಾಗಾದರೆ ಮೊದಲೇ ಬೇಲಿ ಹಾಕಬೇಕಿತ್ತಲ್ಲವೆ ಎಂಬ ಮಾತು ಇಲ್ಲಿ ಸಹಜವಾಗಿ ಬರುತ್ತದೆ. ಸೌದಿ ಅರೇಬಿಯ ಮಾಡಿದ್ದು ಅದನ್ನೇ. ತಾಯಿಫ್ ನಗರದ ಈಶಾನ್ಯಕ್ಕಿರುವ ಮಹಾಝತ್ ಅಸ್ ಸೈದ್ ಎಂಬ ಸುಮಾರು 2,200 ಚದರ ಕಿಲೋಮೀಟರಿನ ಬಯಲಿಗೆ 1980ರ ದಶಕದ ಕೊನೆಯಲ್ಲಿ ಸುತ್ತಲೂ ಬೇಲಿ ಹಾಕಿ, ಆಡು, ಕುರಿ, ಒಂಟೆಗಳನ್ನು ಹೊರಗಿಟ್ಟು, 1990ರಿಂದ ಓರಿಕ್ಸ್‌ಗಳನ್ನು ಬಿಡಲಾಯಿತು. ಮೇಯುವ ಸಾಕುಪ್ರಾಣಿಗಳಿಲ್ಲದ ನೆಲದಲ್ಲಿ ಹುಲ್ಲು ತಾನಾಗಿ ಎದ್ದು ಬಂದು, ಬೇಲಿಯ ಒಳಗೂ ಹೊರಗೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವಂತಾಯಿತು. ಹಿಂಡು ವೇಗವಾಗಿ ಬೆಳೆಯಿತು. ಆದರೆ 1999ರಿಂದ ಬರ ಬಿದ್ದ ಬೇಸಿಗೆಗಳಲ್ಲಿ ನೂರಾರು ಓರಿಕ್ಸ್‌ಗಳು, ಅವಕ್ಕಿಂತ ಹೆಚ್ಚು ಗೆಝೆಲ್ ಜಿಂಕೆಗಳು ಹಸಿವಿನಿಂದ ಸತ್ತವು, ಹಲವು ಬೇಲಿಯ ಅಂಚಿನಲ್ಲೇ. ಮಳೆ ಬಿದ್ದ ಕಡೆಗೆ ನಡೆದುಹೋಗುವ ಉಪಾಯವನ್ನು ತಂತಿ ತಡೆದಿತ್ತು. ಬೇಟೆಗಾರನನ್ನು ಹೊರಗಿಟ್ಟ ಬೇಲಿಯೇ ಪ್ರಾಣಿಯನ್ನು ಮೇವಿನಿಂದಲೂ ದೂರವಿಟ್ಟಿತು. ನಮ್ಮ ಬಂಡೀಪುರದಂಥ ಕಾಡಿನ ಅಳತೆಗೋಲಿನಿಂದ ನೋಡಿದರೆ 2,200 ಚದರ ಕಿಲೋಮೀಟರ್ ಬಹಳ ದೊಡ್ಡದು. ಓರಿಕ್ಸ್‌ಗೆ ಅದು ಚಿಕ್ಕದು.

ಮರುಭೂಮಿಯ ಮೀಸಲುಗಳು ನಂಬಲಾಗದಷ್ಟು ವಿಸ್ತಾರವಾಗಿರುವುದಕ್ಕೆ ಇದೂ ಒಂದು ಕಾರಣ. ಸೌದಿಯ ರಬ್ ಅಲ್ ಖಾಲಿ ಮರಳುಗಾಡಿನ ಪಶ್ಚಿಮ ಅಂಚಿನಲ್ಲಿ, ಪೂರ್ತಿ ಬೇಲಿಯಿಲ್ಲದೆ ಓರಿಕ್ಸ್‌ಗಳನ್ನು 1995ರಲ್ಲಿ ಬಿಡಲಾದ ಉರೂಕ್ ಬನಿ ಮಆರಿದ್ 12,000 ಚದರ ಕಿಲೋಮೀಟರ್ ಮೀರಿದ್ದು. 2023ರಲ್ಲಿ ಅದು ಆ ದೇಶದ ಮೊದಲ ನೈಸರ್ಗಿಕ ವಿಶ್ವ ಪರಂಪರೆಯ ತಾಣವಾಯಿತು. ಉತ್ತರದಲ್ಲಿ 2018ರಲ್ಲಿ ಘೋಷಿಸಲಾದ ಕಿಂಗ್ ಸಲ್ಮಾನ್ ರಾಯಲ್ ಮೀಸಲಿನ ವಿಸ್ತಾರ ಸುಮಾರು 1,30,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಎರಡು ಭಾಗ. 2030ರ ವೇಳೆಗೆ ದೇಶದ ನೆಲ ಮತ್ತು ಕಡಲಿನ ಶೇ. 30ರಷ್ಟನ್ನು ರಕ್ಷಿಸುವುದು ಸೌದಿಯ ಘೋಷಿತ ಗುರಿ. ನಕ್ಷೆಯಲ್ಲಿ ಗೆರೆ ಎಳೆಯುವುದು ಸುಲಭ, ಅಷ್ಟು ನೆಲದಲ್ಲಿ ಗಸ್ತು ತಿರುಗುವವರು ಯಾರು ಎಂಬುದನ್ನು ನೋಡಿಯೇ ಈ ಗುರಿಯನ್ನು ಅಳೆಯಬೇಕು.

ಇದಕ್ಕೆ ಆ ಸೀಮೆಯಲ್ಲೇ ಒಂದು ಹಳೆಯ ಉತ್ತರವಿತ್ತು. ‘ಹಿಮಾ’ ಎಂಬ ವ್ಯವಸ್ಥೆ ಅರೇಬಿಯದಲ್ಲಿ ಇಸ್ಲಾಮಿಗಿಂತಲೂ ಹಿಂದಿನದು. ಬಲಿಷ್ಠ ಮುಖಂಡರು ತಮ್ಮ ಮಂದೆಗಾಗಿಯೇ ಮೀಸಲಿಟ್ಟುಕೊಳ್ಳುತ್ತಿದ್ದ ಹುಲ್ಲುಗಾವಲನ್ನು ಪ್ರವಾದಿಯವರು ಸಾರ್ವಜನಿಕ ಹಿತಕ್ಕೆ ಮಾತ್ರ ಮೀಸಲಿಡತಕ್ಕದ್ದೆಂದು ಬದಲಿಸಿದ ನಂತರ ಅದು ಶತಮಾನಗಳ ಕಾಲ ನಡೆದುಬಂತು. ನಮ್ಮ ಹಳ್ಳಿಗಳ ಗೋಮಾಳಕ್ಕೆ ಕಟ್ಟುನಿಟ್ಟಿನ ಕಟ್ಟಳೆಗಳನ್ನು ಸೇರಿಸಿದರೆ ಹಿಮಾದ ಕಲ್ಪನೆ ಬರಬಹುದು: ಕೆಲವು ಹಿಮಾಗಳಲ್ಲಿ ಮಂದೆಯನ್ನು ಬಿಡುವಂತಿರಲಿಲ್ಲ, ಬರಗಾಲದಲ್ಲಿ ಹುಲ್ಲನ್ನು ಕೈಯಿಂದ ಕೊಯ್ದು ಒಯ್ಯಬಹುದಿತ್ತು, ಕೆಲವನ್ನು ಗಿಡಗಳು ಹೂಬಿಟ್ಟು ಬೀಜ ಕಟ್ಟಿದ ಮೇಲೆ ಮಾತ್ರ ತೆರೆಯುತ್ತಿದ್ದರು, ಜೇನು ಸಾಕಣೆಗಾಗಿ ಹೂಕಾಲದಲ್ಲಿ ಮುಚ್ಚುತ್ತಿದ್ದ ಹಿಮಾಗಳೂ ಇದ್ದವು. ಕಟ್ಟಳೆ ಮುರಿದವನಿಗೆ ದಂಡ ಹಾಕುತ್ತಿದ್ದದ್ದು ಆ ಹುಲ್ಲನ್ನು ಅವಲಂಬಿಸಿದ ಸಮುದಾಯವೇ. 1950ರ ದಶಕದಲ್ಲಿ ಸೌದಿ ಸರ್ಕಾರ ಬುಡಕಟ್ಟುಗಳ ಈ ಹಕ್ಕನ್ನು ತೆಗೆದು ಹುಲ್ಲುಗಾವಲುಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ಉದ್ದೇಶ ನ್ಯಾಯವಾದದ್ದೇ ಇದ್ದಿರಬಹುದು. ಆದರೆ ಅದೇ ಹೊತ್ತಿಗೆ ಲಾರಿಗಳೂ ನೀರಿನ ಟ್ಯಾಂಕರ್‌ಗಳೂ ಬಂದುದರಿಂದ, ಎಲ್ಲಿ ಮಳೆ ಬಿದ್ದರೂ ಮರುದಿನವೇ ಸಾವಿರಾರು ಕುರಿಗಳನ್ನು ಅಲ್ಲಿಗೆ ಸಾಗಿಸುವುದು ಸಾಧ್ಯವಾಯಿತು, ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಲೆಬನಾನ್‌ನಲ್ಲಿ 2004ರಿಂದೀಚೆಗೆ ನಿಸರ್ಗ ಸಂರಕ್ಷಣೆಯ ಸಂಘವೊಂದು ಸ್ಥಳೀಯ ಪುರಸಭೆಗಳೊಡನೆ ಸೇರಿ, ವಲಸೆ ಹಕ್ಕಿಗಳು ಇಳಿಯುವ ಜಾಗಗಳಲ್ಲಿ ಹಿಮಾಗಳನ್ನು ಮತ್ತೆ ಸ್ಥಾಪಿಸುತ್ತ ಬಂದಿದೆ.

ಬೇಲಿಯ ಮಿತಿ ಇನ್ನೂ ಸ್ಪಷ್ಟವಾಗಿ ಕಾಣುವುದು ನೀರಿನ ವಿಷಯದಲ್ಲಿ. ಜೋರ್ಡಾನಿನ ಪೂರ್ವ ಮರುಭೂಮಿಯ ನಡುವೆ ಅಝ್ರಕ್ ಎಂಬ ಓಯಸಿಸ್ ಇದೆ. ಆಫ್ರಿಕ ಮತ್ತು ಯುರೇಷ್ಯದ ನಡುವೆ ಹಾರುವ ಹಕ್ಕಿಗಳಿಗೆ ತಂಗುದಾಣವಾದ ಅದು 1977ರಲ್ಲೇ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎನಿಸಿತು. 1980ರ ದಶಕದ ಆರಂಭದಿಂದ ರಾಜಧಾನಿ ಅಮ್ಮಾನ್‌ನ ಕುಡಿಯುವ ನೀರಿಗಾಗಿ ಅಲ್ಲಿಯ ಅಂತರ್ಜಲವನ್ನು ಎತ್ತಲಾಯಿತು, ಸುತ್ತಲಿನ ತೋಟಗಳ ಕೊಳವೆಬಾವಿಗಳೂ ಸೇರಿಕೊಂಡವು, 1992ರಲ್ಲಿ ಚಿಲುಮೆಗಳು ನಿಂತೇ ಹೋದವು. ಒಣಗಿದ ಜೌಗಿನ ಪೀಟ್ ಮಣ್ಣು (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ನೆಲದಡಿಯಲ್ಲೇ ಹೊತ್ತಿ ಉರಿಯಿತು. ಕಾನೂನಿನ ಪ್ರಕಾರ ಜೌಗು ಸಂರಕ್ಷಿತವೇ ಆಗಿತ್ತು, ಬತ್ತಿದ್ದು ಅದರ ಗಡಿಯಾಚೆಯ ಪಂಪುಗಳಿಂದ. ಆಮೇಲೆ ನೀರನ್ನು ಮರಳಿ ಹರಿಸಿ ಮೂಲ ಜೌಗಿನ ಹತ್ತನೇ ಒಂದು ಭಾಗದಷ್ಟನ್ನು ಉಳಿಸಿಕೊಳ್ಳಲಾಗಿದೆ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಅಝ್ರಕ್ ಕಿಲ್ಲಿಫಿಶ್ ಎಂಬ ಪುಟ್ಟ ಮೀನೂ ಹಾಗೆಯೇ ಉಳಿಯಿತು. ಟುನೀಸಿಯದ ಇಷ್ಕೆಲ್ ಸರೋವರಕ್ಕೂ ಬಂದದ್ದು ಇಂಥದೇ ಕಷ್ಟ: ನದಿಗಳಿಗೆ ಅಣೆಕಟ್ಟು ಬಿದ್ದು ಸಿಹಿನೀರು ಕಡಿಮೆಯಾಗಿ ಸರೋವರ ಉಪ್ಪಾಯಿತು, 1996ರಿಂದ 2006ರವರೆಗೆ ಅದು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿತ್ತು.

ಎಲ್ಲವೂ ಸೋಲಿನ ಕಥೆಯಲ್ಲ. ಮಾರಿಟೇನಿಯದ ಬಾಂಕ್ ದಾರ್ಗ್ವೆನ್ 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಹಾರಾ ನೇರವಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಆ 12,000 ಚದರ ಕಿಲೋಮೀಟರಿನಲ್ಲಿ ಅರ್ಧ ಕಡಲು, ಅರ್ಧ ಮರಳು. ಆಳವಿಲ್ಲದ ಕೆಸರು ತೀರದಲ್ಲಿ ಉತ್ತರ ಯುರೋಪು ಮತ್ತು ಸೈಬೀರಿಯದಿಂದ ಬರುವ ಇಪ್ಪತ್ತು ಲಕ್ಷಕ್ಕೂ ಹೆಚ್ಚು ನೀರುಹಕ್ಕಿಗಳು ಚಳಿಗಾಲ ಕಳೆಯುತ್ತವೆ. ಉದ್ಯಾನದೊಳಗೆ ಮೀನು ಹಿಡಿಯುವ ಹಕ್ಕು ಅಲ್ಲಿಯೇ ನೆಲೆಸಿರುವ ಇಮ್ರಾಗೆನ್ ಜನರಿಗೆ ಮಾತ್ರ, ಅದೂ ಹಾಯಿದೋಣಿಗಳಲ್ಲಿ, ಮೋಟಾರಿಗೆ ಅವಕಾಶವಿಲ್ಲ. ಜನರನ್ನು ಒಕ್ಕಲೆಬ್ಬಿಸದೆ, ಅವರ ಹಕ್ಕನ್ನೇ ಹೊರಗಿನವರ ವಿರುದ್ಧದ ಕಾವಲಾಗಿ ಮಾಡಿಕೊಂಡ ಈ ನಿಯಮವನ್ನು ನಾನು ಅರಬ್ ಜಗತ್ತಿನ ಅತ್ಯಂತ ವಿವೇಕದ ಸಂರಕ್ಷಣಾ ಕ್ರಮಗಳಲ್ಲಿ ಒಂದೆಂದು ಪರಿಗಣಿಸುತ್ತೇನೆ. ಉದ್ಯಾನದ ಗಡಿಯಾಚೆ ಮೀನುಗಾರಿಕೆಯ ಟ್ರಾಲರ್‌ಗಳಿವೆ ಎಂಬುದನ್ನು ಮರೆಯುವಂತಿಲ್ಲ, ಮೀನಿಗೆ ಗಡಿ ತಿಳಿಯುವುದಿಲ್ಲ. ಓರಿಕ್ಸ್‌ನ ಒಟ್ಟು ಸ್ಥಿತಿಯೂ ಸುಧಾರಿಸಿದೆ: ಬೇರೆ ಬೇರೆ ದೇಶಗಳಲ್ಲಿ ಬಯಲಿಗೆ ಬಿಟ್ಟ ಪ್ರಾಣಿಗಳ ಸಂಖ್ಯೆ ಸಾವಿರ ದಾಟಿದ್ದರಿಂದ 2011ರಲ್ಲಿ ಅದರ ಅಪಾಯದ ದರ್ಜೆಯನ್ನು ಇಳಿಸಲಾಯಿತು. ಕಾಡಿನಿಂದ ಪೂರ್ತಿ ಅಳಿದಿದ್ದ ಪ್ರಾಣಿಯೊಂದು ಅಷ್ಟರಮಟ್ಟಿಗೆ ಚೇತರಿಸಿಕೊಂಡದ್ದು ಅದೇ ಮೊದಲು.

ಇನ್ನು ನೋಡುವ ವಿಷಯ. ದುಬೈನಲ್ಲಿರುವವರಿಗೆ ಅತಿ ಹತ್ತಿರದ್ದು ರಾಸ್ ಅಲ್ ಖೋರ್. ನಗರದ ನಡುವೆಯೇ ಇರುವ ಆ ಕೆಸರುನೆಲದಲ್ಲಿ ಚಳಿಗಾಲದಲ್ಲಿ ರಾಜಹಂಸಗಳ ದೊಡ್ಡ ಹಿಂಡುಗಳಿರುತ್ತವೆ, ನೋಡಲು ಮರೆಗಟ್ಟೆಗಳಿವೆ. ಬಯಲಿನಲ್ಲಿ ಅಡ್ಡಾಡುವ ಓರಿಕ್ಸ್ ನೋಡಬೇಕೆನ್ನುವವರು 225 ಚದರ ಕಿಲೋಮೀಟರಿನ ದುಬೈ ಡೆಸರ್ಟ್ ಕನ್ಸರ್ವೇಷನ್ ರಿಸರ್ವ್‌ಗೆ ಅನುಮತಿ ಪಡೆದ ಪ್ರವಾಸ ಸಂಸ್ಥೆಗಳ ಮೂಲಕ ಹೋಗಬೇಕು, ಸ್ವಂತ ಗಾಡಿಯಲ್ಲಿ ನುಗ್ಗುವಂತಿಲ್ಲ. ಬಹರೈನ್‌ನಲ್ಲಿ 1976ರಲ್ಲಿ ಸ್ಥಾಪನೆಯಾದ ಅಲ್ ಅರೀನ್ ವನ್ಯಜೀವಿ ಉದ್ಯಾನವಿದೆ. ಒಮಾನ್‌ನ ರಾಸ್ ಅಲ್ ಜಿನ್ಜ್ ಕಡಲತೀರದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದನ್ನು ಮಾರ್ಗದರ್ಶಕರ ಜೊತೆಯಲ್ಲಿ ರಾತ್ರಿ ಹೊತ್ತು ನೋಡಬಹುದು, ಫ್ಲಾಶ್ ಹಾಕಿ ಫೋಟೊ ತೆಗೆಯುವಂತಿಲ್ಲ.

ರಜಾದಿನಗಳಲ್ಲಿ ಮರಳುಗಾಡಿಗೆ ಹೋಗಿ ಅಡುಗೆ ಮಾಡಿಕೊಂಡು ಬರುವ ರೂಢಿ ನಮ್ಮವರಲ್ಲೂ ಇದೆ. ಅಂಥ ಕಡೆ ನೆರಳು ಕೊಡುವ ಗಾಫ್ ಮರ, ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯೇ. ಸಂಯುಕ್ತ ಅರಬ್ ಸಂಸ್ಥಾನವು 2008ರಲ್ಲಿ ಅದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿದೆ. ಉರುವಲಿಗೆಂದು ಅದರ ಕೊಂಬೆ ಕಡಿಯುವುದು ಅಲ್ಲಿ ಅಪರಾಧ. ಮರಳಿನ ಮೇಲೆ ಇರುವ ದಾರಿಯನ್ನು ಬಿಟ್ಟು ಗಾಡಿ ಓಡಿಸಿದರೆ ಮಳೆಗಾಗಿ ವರ್ಷಗಟ್ಟಲೆ ಕಾದಿದ್ದ ಗಿಡಗಳು ಚಕ್ರದಡಿ ನಾಶವಾಗುತ್ತವೆ. ಉರುವಲನ್ನು ಮನೆಯಿಂದಲೇ ಒಯ್ಯುವುದು, ಹಳೆಯ ಚಕ್ರದ ಗುರುತಿನ ಮೇಲೆಯೇ ಗಾಡಿ ಓಡಿಸುವುದು, ತಿಂದುಳಿದದ್ದನ್ನೂ ಪ್ಲಾಸ್ಟಿಕ್ಕನ್ನೂ ಮರಳಿ ತರುವುದು, ಇಷ್ಟನ್ನು ಸಂರಕ್ಷಿತ ಪ್ರದೇಶದ ಹೊರಗೂ ಪಾಲಿಸಬೇಕು.