ಖಾಲಿ ಕುಂತಾಗಲೂ ಬಿಸಿ ಯಾಕ?

"ಬಾಳ ಬಿಸಿ ಆಗ್ಲತ್ತಿತ್ರಿ, ತಣ್ಣಗ ಮಾಡಿ ಕೊಟ್ಟೀನಿ" ಎಂದು ರಿಪೇರಿಯವನು ಕಾಕಾನ ಆಂಪ್ಲಿಫೈಯರ್ ವಾಪಸ್ ಕೊಟ್ಟ. ಕಲಬುರಗಿಯ ಮೇ ತಿಂಗಳು, ಹೊರಗೆ 42 ಡಿಗ್ರಿ. ಇಂಥ ಊರಲ್ಲಿ ಯಾವುದೇ ವಸ್ತು ತಣ್ಣಗಾಯಿತೆಂದರೂ ಸುದ್ದಿ ಚಲೋದೇ. ಕಾಕಾ ಕೇಳಿದಷ್ಟು ಕೊಟ್ಟು ಬಂದರು.

ಮಸ್ಕತ್‌ನಲ್ಲಿ ದುಡಿಯುತ್ತಿದ್ದಾಗ ತಂದ ಜಪಾನಿ ಸ್ಟೀರಿಯೋ ಅದು. ಮುಂದೆ ಅಲ್ಯುಮಿನಿಯಂ ಫಲಕ, ತಿರುವಿದರೆ ಟಕ್ ಟಕ್ ಎಂದು ಕೂರುವ ಗುಂಡಿಗಳು, ಎತ್ತಿದರೆ ಸೊಂಟ ಹಿಡಿಯುವ ಟ್ರಾನ್ಸ್‌ಫಾರ್ಮರು. ರಿಪೇರಿಯಾಗಿ ಬಂದ ವಾರದಲ್ಲೇ ತಕರಾರು ಶುರುವಾಯಿತು. ಜೋರಾಗಿ ಹಚ್ಚಿದರೆ ಏನೂ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣಗೆ ಹಚ್ಚಿದರೆ ಮಾತ್ರ ಭೀಮಸೇನ ಜೋಶಿಯವರ ವಿಲಂಬಿತದಲ್ಲಿ ಮರಳು ಕಲಸಿದ ಹಾಗೆ ಕರಕರ. "ಮುದುಕ ಆಗೇದ" ಎಂದರು ಕಾಕಾ. ಮನೆಗೆ ಬಂದ ಬೀಗರು ದೃಷ್ಟಿಯಾಗಿದೆ ಎಂದು ಹೇಳಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಅದನ್ನು ಕಟ್ಟಿದ್ದು ಗಾಳಿಕಿಂಡಿಯ ನೆತ್ತಿಯ ಮೇಲೆಯೇ! ನಿಂಬೆರಸದಲ್ಲಿ ವಿದ್ಯುತ್ ಹರಿಯುತ್ತದೆ. ನಾಲ್ಕು ಹನಿ ಒಳಗೆ ತೊಟ್ಟಿಕ್ಕಿದ್ದರೆ ದೃಷ್ಟಿ ನಿಜವಾಗಿಯೂ ತಾಗುತ್ತಿತ್ತು.

ಕೆಟ್ಟಿದ್ದು ವಯಸ್ಸಿನಿಂದಲ್ಲ, ಆ 'ತಣ್ಣಗೆ'ಯಿಂದ. ಆದರೆ ನಮ್ಮ ತಲೆಯಲ್ಲಿ ಬಿಸಿ ಎಂದರೆ ಜ್ವರ, ತಂಪು ಎಂದರೆ ಆರೋಗ್ಯ ಎಂದು ಕೂತುಬಿಟ್ಟಿದೆ.

ಬೀಸೋಕಲ್ಲನ್ನು ನೆನಪಿಸಿಕೊಳ್ಳಿ. ಎದುರುಬದುರು ಕುಳಿತ ಇಬ್ಬರು ಹೆಣ್ಣುಮಕ್ಕಳು ಜೋಳ ಬೀಸುತ್ತಾರೆ. ಅರ್ಧ ಸುತ್ತು ಇವಳು ಎಳೆಯುತ್ತಾಳೆ, ಉಳಿದರ್ಧ ಅವಳು. ಸ್ಪೀಕರಿನ ಕೋನನ್ನು, ಅಂದರೆ ದನಿ ಹೊರಡಿಸುವ ಆಲಿಕೆಯಂಥ ಪರದೆಯನ್ನು, ಮುಂದಕ್ಕೆ ತಳ್ಳಲು ಒಂದು ಟ್ರಾನ್ಸಿಸ್ಟರು (ಕರೆಂಟಿನ ಹರಿವನ್ನು ಹಿಡಿದು ಬಿಡುವ ಬಿಡಿಭಾಗ), ಹಿಂದಕ್ಕೆ ಎಳೆಯಲು ಇನ್ನೊಂದು. ಆಂಪ್ಲಿಫೈಯರಿನ ಕೊನೆಯ ಜೋಡಿ ಹೀಗೇ ದುಡಿಯುತ್ತದೆ. ಈಗ ಇವಳು ತನ್ನ ಪಾಳಿ ಮುಗಿಯಿತೆಂದು ಗೂಟದಿಂದ ಕೈ ತೆಗೆದುಬಿಟ್ಟಳು, ಅವಳು ಇನ್ನೂ ಹಿಡಿದಿಲ್ಲ ಎನ್ನಿ. ಕಲ್ಲು ಒಂದು ಕ್ಷಣ ಮುಗ್ಗರಿಸುತ್ತದೆ. ಬೀಸುವ ಪದವೂ ಅಲ್ಲೇ ಮುರಿಯುತ್ತದೆ. ಅದಕ್ಕೇ ಪಾಳಿ ತನ್ನದಲ್ಲದಿದ್ದರೂ ಇಬ್ಬರೂ ಗೂಟ ಬಿಡುವುದಿಲ್ಲ.

ಟ್ರಾನ್ಸಿಸ್ಟರಿಗೆ ಕೈ ಇಲ್ಲ, ಆದರೆ ಹೊಸ್ತಿಲು ಇದೆ. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್‌ಗೆ, ಅಂದರೆ ಅದನ್ನು ತೆರೆಸುವ ಕಾಲಿಗೆ, ಸುಮಾರು 0.6 ವೋಲ್ಟ್ ಸಿಗುವ ತನಕ ಅದು ಬಾಗಿಲು ತೆರೆಯುವುದಿಲ್ಲ. ಹಾಡಿನ ಅಲೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸೊನ್ನೆಯನ್ನು ದಾಟುವಾಗಲೆಲ್ಲ ಎರಡೂ ಬಾಗಿಲು ಮುಚ್ಚಿರುವ ಒಂದು ಸಂದು ಬರುತ್ತದೆ. ಈ ದೋಷಕ್ಕೆ ಕ್ರಾಸ್‌ಓವರ್ ಡಿಸ್ಟಾರ್ಷನ್ ಎನ್ನುತ್ತಾರೆ. 50 ವ್ಯಾಟ್ ಹೊಡೆಯುವಾಗ 8 ಓಮ್ ಸ್ಪೀಕರಿನ ಮೇಲೆ ಅಲೆಯ ಎತ್ತರ 28 ವೋಲ್ಟ್. ಅದರಲ್ಲಿ 0.6 ಹೋದರೆ ಮದುವೆ ಊಟದಲ್ಲಿ ಒಂದು ಹಪ್ಪಳ ಕಡಿಮೆ ಬಿದ್ದ ಹಾಗೆ. ರಾತ್ರಿಯ ಸಣ್ಣ ದನಿಗೆ ವ್ಯಾಟಿನ ಇಪ್ಪತ್ತರಲ್ಲೊಂದು ಪಾಲು ಸಾಕು, ಆಗ ಎತ್ತರ ಬರೇ 0.9 ವೋಲ್ಟ್. ಅದರಲ್ಲಿ 0.6 ಹೊಸ್ತಿಲಿಗೇ ಹೋದರೆ ಹಾಡು ಉಳಿಯುವುದೆಷ್ಟು? ಲೆಕ್ಕ ಒರಟು, ಆದರೆ ಕಾಕಾನ ಕರಕರ ರಾತ್ರಿ ಮಾತ್ರ ಯಾಕೆ ಎಂಬುದಕ್ಕೆ ಇಷ್ಟು ಸಾಕು.

ನೆಗೆಟಿವ್ ಫೀಡ್‌ಬ್ಯಾಕ್ ಇದೆಯಲ್ಲ, ಅದು ತಿದ್ದುವುದಿಲ್ಲವೇ ಎಂದು ಬಲ್ಲವರು ಕೇಳಬಹುದು. ಅಮೆರಿಕದ ಇಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್‌ಗೆ ಆ ಉಪಾಯ ಹೊಳೆದದ್ದು 1927ರ ಆಗಸ್ಟ್ 2ರ ಬೆಳಿಗ್ಗೆ, ಹಡ್ಸನ್ ನದಿ ದಾಟುವ ಫೆರಿಯಲ್ಲಿ, ಕೆಲಸಕ್ಕೆ ಹೋಗುತ್ತಿದ್ದಾಗ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೇ ಗೀಚಿಟ್ಟ. ಹೊರಬಂದದ್ದನ್ನು ಒಳಬಂದದ್ದರ ಜೊತೆ ಹೋಲಿಸಿ ತಪ್ಪನ್ನು ಕಳೆಯುವ ಆ ಯುಕ್ತಿ ಇಲ್ಲದ ಹೈಫೈ ಇವತ್ತು ಬಲು ಅಪರೂಪ. ಆದರೆ ತಿದ್ದುವ ಮೇಷ್ಟ್ರ ಮಾತು ಕೇಳಲು ಹುಡುಗ ಎಚ್ಚರವಾಗಿರಬೇಕಲ್ಲ! ಎರಡೂ ಟ್ರಾನ್ಸಿಸ್ಟರು ಕಣ್ಣು ಮುಚ್ಚಿದ ಆ ಸಂದಿನಲ್ಲೇ ಫೀಡ್‌ಬ್ಯಾಕ್‌ನ ಬಲವೂ ಕುಗ್ಗುತ್ತದೆ.

ಹಾಗಾಗಿ ಹಾಡು ಇಲ್ಲದಾಗಲೂ ಎರಡೂ ಟ್ರಾನ್ಸಿಸ್ಟರುಗಳಲ್ಲಿ ತುಸು ಕರೆಂಟು ಹರಿಯುತ್ತಿರಬೇಕು. ಇದೇ ಬಯಾಸ್. ರೈಲ್ವೆ ಗೇಟಿನಲ್ಲಿ ಆಟೊದವನು ಇಂಜಿನ್ ಆರಿಸದೆ ಗುರುಗುರು ಅನ್ನಿಸುತ್ತಿರುವ ಹಾಗೆ. ಸೊನ್ನೆಯ ಮೇಲೆ 35, ಕೆಳಗೆ 35, ಒಟ್ಟು 70 ವೋಲ್ಟ್ ಇರುವ ಸೆಟ್‌ನಲ್ಲಿ 50 ಮಿಲಿಆಂಪಿಯರ್ ಹರಿದರೆ ಒಂದು ಚಾನೆಲ್ಲಿಗೆ ಮೂರೂವರೆ ವ್ಯಾಟ್ ಬಿಸಿ, ಎರಡಕ್ಕೆ ಏಳು. ಹೆಸರಿಗೆ 'ಜೀರೋ' ಎನಿಸಿಕೊಳ್ಳುವ ಹಳೇ ಬಲ್ಬು ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಖಾಲಿ ಕುಂತಾಗ ಕೈಗೆ ಹತ್ತುವ ಬಿಸಿ ಇದೇ. ಆ ಪುಣ್ಯಾತ್ಮ ರಿಪೇರಿಯವನು ಪ್ರಿಸೆಟ್ ಎಂಬ, ಬಯಾಸ್ ಹೊಂದಿಸುವ ಒಳಗಿನ ಸಣ್ಣ ತಿರುಪನ್ನು ತಿರುವಿ ಇದನ್ನೇ ಆರಿಸಿದ್ದ.

ಅವನ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಒಂದೊಂದು ಡಿಗ್ರಿ ಬಿಸಿ ಏರಿದಂತೆ ಆ ಹೊಸ್ತಿಲು ಸುಮಾರು 2 ಮಿಲಿವೋಲ್ಟ್ ಸವೆಯುತ್ತದೆ. ಹೊಸ್ತಿಲು ತಗ್ಗಿದರೆ ಕರೆಂಟು ಹೆಚ್ಚು, ಕರೆಂಟು ಹೆಚ್ಚಾದರೆ ಬಿಸಿ ಹೆಚ್ಚು, ಬಿಸಿ ಹೆಚ್ಚಾದರೆ ಹೊಸ್ತಿಲು ಇನ್ನೂ ತಗ್ಗು. ಸಾಲದ ಬಡ್ಡಿ ಬೆಳೆದ ಹಾಗೆ ಬೆಳೆದು ಕೊನೆಗೆ ಸುಟ್ಟ ವಾಸನೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಬಾರ್ಡೀನ್ ಮತ್ತು ಬ್ರಟೇನ್ ಮಾಡಿದ ಮೊದಲ ಟ್ರಾನ್ಸಿಸ್ಟರು ಜರ್ಮೇನಿಯಂನದು. ಅದು ಬಿಸಿಗೆ ಬಲು ಬೇಗ ಸೋಲುವ ಪೈಕಿ. 1954ರಲ್ಲಿ ಗಾರ್ಡನ್ ಟೀಲ್ ಸಿಲಿಕಾನಿನ ಟ್ರಾನ್ಸಿಸ್ಟರು ತಂದದ್ದರಿಂದ ನಮ್ಮ ಕಡೆಯ ಬೇಸಿಗೆಯಲ್ಲೂ ಇವು ಬದುಕಿವೆ. ಆದರೂ ಜನವರಿಯ ಬೆಳಗಿಗೂ ಮೇ ಮಧ್ಯಾಹ್ನಕ್ಕೂ ನಮ್ಮಲ್ಲಿ 25 ಡಿಗ್ರಿಗೂ ಮೀರಿದ ಅಂತರ. ಹೊಸ್ತಿಲಿನ ಲೆಕ್ಕದಲ್ಲಿ 50 ಮಿಲಿವೋಲ್ಟ್. ಬರೇ 60 ಮಿಲಿವೋಲ್ಟ್‌ಗೆ ಕರೆಂಟು ಹತ್ತು ಪಟ್ಟಾಗಬಲ್ಲದು.

ಇದಕ್ಕೆ ಕಂಡುಕೊಂಡ ಉಪಾಯ ಮಾತ್ರ ನನಗೆ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ದೊಡ್ಡ ಟ್ರಾನ್ಸಿಸ್ಟರುಗಳ ಪಕ್ಕದಲ್ಲಿ, ಬಿಸಿಯನ್ನು ಹೊರಹಾಕುವ ಅದೇ ಲೋಹದ ಹೀಟ್‌ಸಿಂಕಿಗೆ, ಒಂದು ಚಿಕ್ಕ ಟ್ರಾನ್ಸಿಸ್ಟರನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಬಯಾಸ್ ವೋಲ್ಟೇಜನ್ನು ಹದದಲ್ಲಿಡುವುದು ಅದರ ಕೆಲಸ. ಬಿಸಿ ಏರಿದರೆ ಅದರ ಹೊಸ್ತಿಲೂ ತಗ್ಗುತ್ತದೆ, ಬಯಾಸ್ ತಾನಾಗಿ ಇಳಿಯುತ್ತದೆ. ರೋಗವೇ ಮದ್ದು, ಮುಳ್ಳಿನಿಂದ ಮುಳ್ಳು ತೆಗೆದಂತೆ.

ಕಾಕಾನ ಸೆಟ್ ಬಿಚ್ಚಿದೆ. ಗಾಳಿಕಿಂಡಿಯೊಳಗೆ ಕುಂಕುಮ, ಅಕ್ಷತೆ. ವರ್ಷಗಟ್ಟಲೆ ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಅದರ ಮೇಲೆ ಗಣಪತಿಯನ್ನು ಕೂರಿಸಿದ್ದರು. ಚಿಕ್ಕ ಟ್ರಾನ್ಸಿಸ್ಟರಿನ ಕೆಳಗಿನ ಬಿಸಿ ದಾಟಿಸುವ ಬಿಳಿ ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಪಕ್ಕದ ಬಿಸಿ ಅದಕ್ಕೆ ಸರಿಯಾಗಿ ತಿಳಿಯುತ್ತಲೇ ಇರಲಿಲ್ಲ. ಸೆಟ್ ಅಷ್ಟು ಕಾಯುತ್ತಿದ್ದದ್ದು ಅದಕ್ಕೇ. ಕೆರೆದು ಹೊಸ ಪೇಸ್ಟು ಬಳಿದೆ. ದೊಡ್ಡ ಟ್ರಾನ್ಸಿಸ್ಟರಿನ ಎಮಿಟರ್ ಎಂಬ ಕಾಲಿಗೆ ಕೂಡಿಸಿದ 0.22 ಓಮ್ ರೆಸಿಸ್ಟರಿಗೆ ಮೀಟರು ಹಿಡಿದು, ಪ್ರಿಸೆಟ್ಟನ್ನು ಕೂದಲೆಳೆಯಷ್ಟು ತಿರುವುತ್ತ 11 ಮಿಲಿವೋಲ್ಟ್‌ಗೆ, ಅಂದರೆ 50 ಮಿಲಿಆಂಪಿಯರಿಗೆ, ತಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ 13 ಆಗಿತ್ತು, ಮತ್ತೆ ಇಳಿಸಿದೆ. ಚಹಾ ಕುಡಿದು ಬಂದು ನೋಡಿದೆ, ಕದಲಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಕಾಕಾ ಫ್ಯಾನು ಆರಿಸಿ, ವಾಲ್ಯೂಮು ಇನ್ನೇನು ಸೊನ್ನೆ ಎನ್ನುವಷ್ಟು ಇಳಿಸಿ, ಕಿವಿಯನ್ನು ಸ್ಪೀಕರಿನ ಜಾಳಿಗೆಗೆ ಹಚ್ಚಿ ಕುಂತರು. ತಂಬೂರಿ ಎಳೆ ಕಡಿಯದೆ ಹರಿಯುತ್ತಿತ್ತು. ಸೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು, ಬೆಚ್ಚಗಿತ್ತು. ಅಷ್ಟರಲ್ಲಿ ಚಿಗವ್ವ ಕಸೂತಿ ಬಟ್ಟೆ ಒಗೆದು ಮಡಿಸಿ ತಂದಳು.

"ಬ್ಯಾಡ," ಎಂದರು ಕಾಕಾ, "ಅದಕ್ಕ ಧಗಿ ಆಗ್ತದ."