ಮೂರನೆಯವನಿಗೆ ಹಾಕಿದ ಮತ ಎಲ್ಲಿಗೆ ಹೋಗುತ್ತದೆ?

ಚುನಾವಣೆ ಹತ್ತಿರವಾದರೆ ಹಾವೇರಿಯ ಚಹಾದಂಗಡಿಗಳಲ್ಲಿ ‘ಅವಂಗ ಹಾಕಿದ್ರ ಓಟು ಹಾಳಾಕ್ಕೈತಿ’ ಎಂಬ ಮಾತು ಕೇಳಿಬರುತ್ತದೆ. ಅಭ್ಯರ್ಥಿಯನ್ನು ಕುರಿತು ಆಡಿದಂತೆ ಕಂಡರೂ ಈ ಮಾತಿನ ಬೇರು ಎಣಿಕೆಯ ನಿಯಮದಲ್ಲಿದೆ.

ಅರ್ಧದಷ್ಟು ಮತ ಬರಲೇಬೇಕೆಂಬ ಷರತ್ತಿಲ್ಲದೆ, ಎಲ್ಲರಿಗಿಂತ ಹೆಚ್ಚು ಪಡೆದವನನ್ನೇ ಗೆಲ್ಲಿಸುವ ಪದ್ಧತಿ ಕಾಲಕ್ರಮದಲ್ಲಿ ಎರಡು ಪಕ್ಷಗಳ ಕಡೆಗೆ ವಾಲುತ್ತದೆ ಎಂದು ಫ್ರಾನ್ಸಿನ ರಾಜಕೀಯ ವಿಜ್ಞಾನಿ ಮೊರಿಸ್ ದ್ಯುವೆರ್ಜೆ 1951ರಲ್ಲಿ ವಾದಿಸಿದರು. ಚದುರಿದ ಮತಗಳು ಸೀಟುಗಳಾಗಲು ನಿಯಮವೇ ಬಿಡುವುದಿಲ್ಲ. ಒಂದೆರಡು ಸಲ ಇದನ್ನು ಕಂಡ ಮತದಾರ, ಮೂರನೆಯವನನ್ನು ಮನಸಾರೆ ಮೆಚ್ಚಿದ್ದರೂ, ಮುಂಚೂಣಿಯ ಇಬ್ಬರಲ್ಲಿ ತನಗೆ ಬೇಡದವನನ್ನು ತಡೆಯಲೆಂದು ಇನ್ನೊಬ್ಬನಿಗೆ ಮತ ಹಾಕುತ್ತಾನೆ.

2000ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಬುಷ್ ಅವರು ಗೋರ್ ವಿರುದ್ಧ 537 ಮತಗಳಿಂದ ಗೆದ್ದಾಗ, ಅಲ್ಲಿ ಮೂರನೆಯ ಅಭ್ಯರ್ಥಿ ರಾಲ್ಫ್ ನೇಡರ್ ಪಡೆದದ್ದು 97,488. ನಮ್ಮಲ್ಲಿ, 2012ರ ಡಿಸೆಂಬರ್‌ನಲ್ಲಿ ಹಾವೇರಿಯ ಸಮಾವೇಶದಲ್ಲಿ ಬಿಜೆಪಿ ತೊರೆದ ಯಡಿಯೂರಪ್ಪನವರು ಚಾಲನೆ ಕೊಟ್ಟ ಕೆಜೆಪಿ (ಕರ್ನಾಟಕ ಜನತಾ ಪಕ್ಷ), ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಶೇ. 10ರ ಹತ್ತಿರ ಮತ ಪಡೆದೂ 224ರಲ್ಲಿ 6 ಸ್ಥಾನಗಳನ್ನಷ್ಟೇ ಗೆದ್ದಿತು, ಕಾಂಗ್ರೆಸ್ಸಿಗೆ ಶೇ. 37ರ ಆಸುಪಾಸಿನ ಮತಗಳಿಂದಲೇ 122 ಸ್ಥಾನಗಳು ದಕ್ಕಿದವು. ಕೆಜೆಪಿ ಇಲ್ಲದಿದ್ದರೆ ಆ ಮತವೆಲ್ಲ ಬಿಜೆಪಿಗೇ ಬೀಳುತ್ತಿತ್ತೆಂಬ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ಅವರಲ್ಲಿ ಕೆಲವರು ಮತಗಟ್ಟೆಗೇ ಬರದಿರಬಹುದಿತ್ತು. ಅಲ್ಲದೆ, ಇಪ್ಪತ್ತು ಸಾವಿರದ ಅಂತರದಿಂದ ಗೆದ್ದವನಿಗೆ ಹಾಕಿದ ಒಂದು ಮತವೂ ಫಲಿತಾಂಶವನ್ನು ಬದಲಿಸಿರುವುದಿಲ್ಲ. ಅದನ್ನು ಹಾಳು ಎಂದವರನ್ನು ನಾನು ಕಂಡಿಲ್ಲ.

ಇದೇ ಸೀಮೆಯ ಶಿಕ್ಷಕರಿಗೂ ಪದವೀಧರರಿಗೂ ಬೇರೊಂದು ನಿಯಮದ ಪರಿಚಯವಿದೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡಗಳನ್ನು ಒಳಗೊಂಡ, ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ, ಅಂದರೆ ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತ ಬಂದಿರುವ ಕ್ಷೇತ್ರದಲ್ಲಿ, ಮತದಾರರು ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಸಿಂಧು ಮತಗಳಲ್ಲಿ ಯಾರೂ ಅರ್ಧ ದಾಟದಿದ್ದರೆ ಅತಿ ಕಡಿಮೆ ಪಡೆದವನನ್ನು ಕಣದಿಂದ ಕೈಬಿಟ್ಟು, ಅವನ ಮತಪತ್ರಗಳನ್ನು ಅವುಗಳಲ್ಲಿನ ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚಲಾಗುತ್ತದೆ. ಹೀಗಾಗಿ ಮೆಚ್ಚಿದವನಿಗೆ ಮೊದಲ ಪ್ರಾಶಸ್ತ್ಯ ಕೊಟ್ಟೂ, ಬೇಡದವನನ್ನು ತಡೆಯುವ ಅವಕಾಶ ಮತದಾರನಲ್ಲಿ ಉಳಿಯುತ್ತದೆ. ಮೂರು ಅಥವಾ ಹೆಚ್ಚು ಅಭ್ಯರ್ಥಿಗಳಿದ್ದಾಗ ಯಾವ ಪದ್ಧತಿಯೂ, ಮೆಚ್ಚಿದವನನ್ನು ಬಿಟ್ಟು ಲೆಕ್ಕ ಹಾಕಿ ಇನ್ನೊಬ್ಬನಿಗೆ ಮತ ಹಾಕುವ ತಂತ್ರದ ಮತದಾನವನ್ನು ಪೂರ್ತಿ ತಪ್ಪಿಸಲಾರದೆಂದು ಗಣಿತ 1970ರ ದಶಕದಲ್ಲೇ ತೋರಿಸಿಕೊಟ್ಟಿರುವುದರಿಂದ ಇದೂ ನಿರ್ದೋಷವಲ್ಲ. ಎರಡನೆಯ ಅಂಕಿ ಬರೆಯುವುದು ಕಡ್ಡಾಯವಲ್ಲ. ಬರಿಯ 1 ಬರೆದವನ ಅಭ್ಯರ್ಥಿ ಕಣದಿಂದ ಹೊರಬಿದ್ದರೆ, ಆ ಮತಪತ್ರ ಮುಂದಿನ ಸುತ್ತಿಗೆ ಹೋಗುವುದಿಲ್ಲ.