ದಾಳದ ಲೆಕ್ಕದಲ್ಲಿ ಫಲಿತಗಣ, ಪೂರಕ ಘಟನೆ ಮತ್ತು ಮಾನಕ ವಿಚಲನೆ

ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಸಂಭವನೀಯತೆ ದೊರೆಯುತ್ತದೆ ಎಂಬ ಸೂತ್ರವನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲೇ ಕಲಿತಿದ್ದೇವೆ. ಆದರೆ ಫಲಿತಗಣದ (ಬರಬಹುದಾದ ಎಲ್ಲ ಫಲಿತಗಳ ಗುಂಪಿನ) ಪ್ರತಿಯೊಂದು ಫಲಿತವೂ ಸಮಸಂಭವನೀಯವಾಗಿದ್ದಾಗ (ಬರುವ ಅವಕಾಶ ಎಲ್ಲಕ್ಕೂ ಸಮಾನವಾಗಿದ್ದಾಗ) ಮಾತ್ರ ಈ ಭಾಗಾಕಾರ ಸಲ್ಲುತ್ತದೆ ಎಂಬ ಷರತ್ತನ್ನು ಸೂತ್ರದ ಜೊತೆಗೇ ನೆನಪಿಟ್ಟುಕೊಳ್ಳುವವರು ಕಡಿಮೆ. ಅಂಕಗಳು ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಮೂರು ದಾಳಗಳನ್ನು ಒಟ್ಟಿಗೆ ಎಸೆದಾಗ ಮೊತ್ತ 9 ಬರುವುದಕ್ಕಿಂತ 10 ಬರುವುದು ತುಸು ಹೆಚ್ಚು ಎಂಬುದನ್ನು ಇಟಲಿಯ ಜೂಜುಗಾರರು ಗಮನಿಸಿದ್ದರು. ಕಾಗದದ ಮೇಲೆ ಬರೆದು ನೋಡಿದರೆ ಎರಡಕ್ಕೂ ಆರಾರು ವಿಧಗಳೇ ಸಿಗುತ್ತವೆ. 9ಕ್ಕೆ 1-2-6, 1-3-5, 1-4-4, 2-2-5, 2-3-4, 3-3-3. 10ಕ್ಕೆ 1-3-6, 1-4-5, 2-2-6, 2-3-5, 2-4-4, 3-3-4. ಈ ಗೊಂದಲವನ್ನು 17ನೆಯ ಶತಮಾನದ ಮೊದಲ ದಶಕಗಳಲ್ಲಿ ಗೆಲಿಲಿಯೊ ಒಂದು ಚಿಕ್ಕ ಬರಹದಲ್ಲಿ ಬಿಡಿಸಿದನು. ದಾಳಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿದ್ದೇವೆಂದು ಭಾವಿಸಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ: 1-2-6 ಆರು ರೀತಿಯಲ್ಲಿ ಬರಬಹುದು, ಎರಡು ಅಂಕಿಗಳು ಒಂದೇ ಆಗಿರುವ 1-4-4 ಮೂರು ರೀತಿಯಲ್ಲಿ ಬರಬಹುದು, 3-3-3 ಮಾತ್ರ ಒಂದೇ ರೀತಿಯಲ್ಲಿ ಬರಬಲ್ಲದು. ಆದ್ದರಿಂದ ಸಮಸಂಭವನೀಯ ಫಲಿತಗಳು ಒಟ್ಟು 6 × 6 × 6 = 216; ಅವುಗಳಲ್ಲಿ 9ಕ್ಕೆ ದಕ್ಕುವುದು 6 + 6 + 3 + 3 + 6 + 1 = 25, 10ಕ್ಕೆ ದಕ್ಕುವುದು 6 + 6 + 3 + 6 + 3 + 3 = 27. ಬಣ್ಣ ಹಚ್ಚದಿದ್ದರೂ ಉತ್ತರ ಇದೇ, ಏಕೆಂದರೆ ನಮಗೆ ಗುರುತು ಸಿಗದ ಮಾತ್ರಕ್ಕೆ ಮೂರು ದಾಳಗಳು ಒಂದಾಗಿಬಿಡುವುದಿಲ್ಲ.

ದೊಡ್ಡ ಗಣಿತಜ್ಞರೂ ಇಲ್ಲಿ ಎಡವಿದ್ದುಂಟು. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ 1754ರಲ್ಲಿ ವಾದಿಸಿದನು. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯುವುದರಿಂದ ಫಲಿತಗಳು ಮೂರೇ (ಶಿರ; ಪುಚ್ಛ-ಶಿರ; ಪುಚ್ಛ-ಪುಚ್ಛ) ಎಂಬುದು ಅವನ ಎಣಿಕೆ. ಆ ಮೂರರಲ್ಲಿ ಮೊದಲನೆಯದರ ಸಂಭವನೀಯತೆ 1/2, ಉಳಿದೆರಡರದು ತಲಾ 1/4. ಆದ್ದರಿಂದ ಸರಿಯುತ್ತರ 3/4.

ಇನ್ನು ‘ಕನಿಷ್ಠ ಒಂದು ಸಲ’ ಎಂಬ ಮಾತಿರುವ ಲೆಕ್ಕಗಳು. ಒಂದು ದಾಳವನ್ನು 4 ಸಲ ಎಸೆದಾಗ ಕನಿಷ್ಠ ಒಂದು 6 ಬೀಳುವ ಸಂಭವನೀಯತೆ 4 × 1/6 ಅಲ್ಲ. ಹಾಗೆ ಕೂಡಿಸುತ್ತ ಹೋದರೆ 7 ಎಸೆತಗಳಿಗೆ 7/6 ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಘಟನೆಗಳು ಪರಸ್ಪರ ಪ್ರತ್ಯೇಕವಾಗಿದ್ದರೆ ಮಾತ್ರ ಸಂಭವನೀಯತೆಗಳನ್ನು ಹೀಗೆ ನೇರವಾಗಿ ಕೂಡಿಸಬಹುದು. ಇಲ್ಲಿಯಾದರೋ ಮೊದಲ ಎಸೆತದಲ್ಲಿಯೂ ಮೂರನೆಯದರಲ್ಲಿಯೂ 6 ಬೀಳಲು ಅಡ್ಡಿಯಿಲ್ಲ. ಪೂರಕ ಘಟನೆಯ, ಅಂದರೆ ಬೇಕಾದ ಘಟನೆ ನಡೆಯದಿರುವುದನ್ನು ಎಣಿಸುವ, ದಾರಿ ಸುಲಭ: ಒಂದು ಸಲವೂ 6 ಬೀಳದಿರುವ ಸಂಭವನೀಯತೆ, ಎಸೆತಗಳು ಸ್ವತಂತ್ರವಾಗಿರುವುದರಿಂದ, 5/6 ಅನ್ನು ನಾಲ್ಕು ಬಾರಿ ಗುಣಿಸಿದಷ್ಟು, ಅಂದರೆ 625/1296. ಅದನ್ನು 1ರಿಂದ ಕಳೆದರೆ 671/1296, ಸುಮಾರು 0.5177.

ಇದೇ ಆಟವನ್ನು ಎರಡು ದಾಳಗಳಿಗೆ ಹಿಗ್ಗಿಸಿದ, ಜೂಜಿನ ಲೆಕ್ಕಗಳಲ್ಲಿ ಆಸಕ್ತಿಯಿದ್ದ ಫ್ರೆಂಚ್ ಲೇಖಕ ಷೆವಲಿಯೆ ದ ಮೆರೆಯ ಪ್ರಶ್ನೆ, ಗಣಿತಜ್ಞ ಪಾಸ್ಕಲನು 1654ರಲ್ಲಿ ಇನ್ನೊಬ್ಬ ಗಣಿತಜ್ಞ ಫೆರ್ಮಾನಿಗೆ ಬರೆದ ಪತ್ರದಲ್ಲಿ ಬರುತ್ತದೆ. ಒಂದು ದಾಳದ 6 ಫಲಿತಗಳಿಗೆ 4 ಎಸೆತ ಹೇಗೋ ಎರಡು ದಾಳಗಳ 36 ಫಲಿತಗಳಿಗೆ 24 ಎಸೆತ ಹಾಗೆ; ಆದರೂ 24 ಎಸೆತಗಳಲ್ಲಿ ಕನಿಷ್ಠ ಒಮ್ಮೆ ಜೋಡಿ ಆರು ಬೀಳುವ ಸಂಭವನೀಯತೆ ಅರ್ಧಕ್ಕಿಂತ ಕಡಿಮೆ. 35/36ರ 24ನೆಯ ಘಾತವನ್ನು 1ರಿಂದ ಕಳೆದರೆ ಸುಮಾರು 0.4914, 25 ಎಸೆತಗಳಾದರೆ 0.5055.

ದ ಮೆರೆ ಜೂಜಿನಲ್ಲಿ ಸೋತು ಸೋತು ಈ ವ್ಯತ್ಯಾಸವನ್ನು ಕಂಡುಕೊಂಡನೆಂಬ ಕಥೆ ಪ್ರಚಾರದಲ್ಲಿದೆ. ನನಗೆ ಅದು ನಂಬಲು ಕಷ್ಟ. ಗೆಲುವಿನ ಸಂಭವನೀಯತೆ ಅರ್ಧದ ಆಸುಪಾಸಿನಲ್ಲಿರುವ ಆಟವನ್ನು n ಸಲ ಆಡಿದಾಗ ಗೆಲುವಿನ ಅನುಪಾತದ ಮಾನಕ ವಿಚಲನೆ (ಅದು ಸರಾಸರಿಯಿಂದ ಸಾಮಾನ್ಯವಾಗಿ ಆಚೀಚೆ ಸರಿಯುವ ಪ್ರಮಾಣ) ಸುಮಾರು 0.5/√n ಆಗಿರುತ್ತದೆ. ಅರ್ಧಕ್ಕಿಂತ 0.0086ರಷ್ಟು ಮಾತ್ರ ಇರುವ ಕೊರತೆಯು, ಆಕಸ್ಮಿಕವಲ್ಲವೆಂದು ಗುರುತು ಸಿಗುವಂತೆ, ಈ ವಿಚಲನೆಯ ಎರಡರಷ್ಟನ್ನಾದರೂ ಮುಟ್ಟಬೇಕಾದರೆ √n ಸುಮಾರು 116 ಆಗಬೇಕು, ಅಂದರೆ ಹದಿಮೂರು ಸಾವಿರಕ್ಕೂ ಹೆಚ್ಚು ಆಟಗಳು. ಪ್ರತಿ ಆಟಕ್ಕೆ 24 ಎಸೆತಗಳೆಂದು ಹಿಡಿದರೆ ಅದು 3 ಲಕ್ಷ ಎಸೆತಗಳನ್ನು ಮೀರುತ್ತದೆ. ಅವನು ಕೂತು ಲೆಕ್ಕ ಹಾಕಿಯೇ ಇದನ್ನು ಕಂಡಿರುವ ಸಾಧ್ಯತೆ ಹೆಚ್ಚು.